ಒಂದು ಕಂಪ್ಯೂಟರ್, ಎರಡು ಡ್ರೈವ್: ವಿಂಡೋಸ್ ಮತ್ತು ಉಬುಂಟು ಬೇರೆ ಬೇರೆ ಎಸ್‌ಎಸ್‌ಡಿಯಿಂದ ಬೂಟ್ ಆಗುವಂತೆ ಮಾಡುವುದು

ಟ್ಯಾಲಿ, ನುಡಿ, ಜಿಎಸ್‌ಟಿ ಆಫ್‌ಲೈನ್ ಟೂಲ್ ಬಳಸುವವರಿಗೆ ವಿಂಡೋಸ್ ಬಿಡಲಾಗದು. ಪ್ರೋಗ್ರಾಮಿಂಗ್, ಸರ್ವರ್ ಕೆಲಸ ಕಲಿಯುವವರಿಗೆ ಲಿನಕ್ಸ್ ಬೇಕೇ ಬೇಕು. ಎರಡನ್ನೂ ಒಂದೇ ಡ್ರೈವಿನಲ್ಲಿ ಪಾರ್ಟಿಶನ್ ಮಾಡಿ, ಅಂದರೆ ಡ್ರೈವನ್ನು ಭಾಗಗಳಾಗಿ ಹಂಚಿ, ಹಾಕಿಕೊಳ್ಳುವುದು ಹಳೆಯ ರೂಢಿ. ಆದರೆ ಮದರ್‌ಬೋರ್ಡಿನಲ್ಲಿ ಡ್ರೈವ್ ಜೋಡಿಸುವ ಇನ್ನೊಂದು ಎಂ.2 ಸ್ಲಾಟ್ ಅಥವಾ ಸಾಟಾ ಪೋರ್ಟ್ ಖಾಲಿ ಇದ್ದರೆ ಒಂದೊಂದಕ್ಕೂ ಒಂದೊಂದು ಡ್ರೈವ್ ಕೊಡುವುದೇ ಮೇಲು. ಒಂದು ಕೆಟ್ಟರೂ ಇನ್ನೊಂದು ಬೂಟ್ ಆಗುತ್ತದೆ. ಒಂದನ್ನು ತೆಗೆದುಹಾಕಬೇಕಾದರೆ ಇನ್ನೊಂದರ ಪಾರ್ಟಿಶನ್ ಮುಟ್ಟಬೇಕಿಲ್ಲ.

ಡ್ರೈವ್ ತಂದು ಸಿಕ್ಕಿಸಿದ ಮಾತ್ರಕ್ಕೆ ಈ ಲಾಭ ಸಿಗುವುದಿಲ್ಲ. ಡ್ರೈವ್ ಎರಡಾದರೂ ಮದರ್‌ಬೋರ್ಡ್ ಒಂದೇ. ಬೂಟ್ ಪಟ್ಟಿ, ಗಡಿಯಾರ, ಸೆಕ್ಯೂರ್ ಬೂಟ್ (ಸಹಿ ಇರುವ ಬೂಟ್ ಫೈಲ್‌ಗಳನ್ನು ಮಾತ್ರ ಬಿಡುವ ವ್ಯವಸ್ಥೆ) ಕೀಲಿಗಳು, ಗುಪ್ತ ಕೀಗಳನ್ನು ಕಾಯುವ ಟಿಪಿಎಂ ಚಿಪ್ ಎಲ್ಲವೂ ಎರಡು ಸಿಸ್ಟಮ್‌ಗಳಿಗೂ ಸೇರಿದ್ದು. ಈ ಬಗೆಯ ಸೆಟಪ್‌ನಲ್ಲಿ ಬರುವ ತೊಂದರೆಗಳ ಬೇರು ಬಹುಪಾಲು ಇಲ್ಲೇ ಇರುತ್ತದೆ. ಹಾಗಾಗಿ ಇನ್‌ಸ್ಟಾಲ್ ಮಾಡುವ ಹಂತಗಳಿಗಿಂತ ಅದರ ಹಿಂದೆ ಮುಂದೆ ಮಾಡಬೇಕಾದ ಕೆಲಸಕ್ಕೇ ಇಲ್ಲಿ ಹೆಚ್ಚು ಜಾಗ ಕೊಟ್ಟಿದ್ದೇವೆ. ಉದಾಹರಣೆಗೆ ವಿಂಡೋಸ್ 11 ಮತ್ತು ಲಿನಕ್ಸ್‌ನ ಒಂದು ಬಗೆಯಾದ ಉಬುಂಟು 24.04 ತೆಗೆದುಕೊಂಡಿದ್ದೇವೆ; ಫೆಡೋರಾ, ಮಿಂಟ್, ಡೆಬಿಯನ್ ಆದರೂ ತತ್ವ ಇದೇ. ಆದೇಶಗಳನ್ನು ಉಚ್ಚಾರಣೆಗೆ ತಕ್ಕಂತೆ ಕನ್ನಡ ಲಿಪಿಯಲ್ಲಿ ಬರೆದಿದ್ದೇವೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಿ.

ಪವರ್ ಬಟನ್ ಒತ್ತಿದಾಗ ಏನಾಗುತ್ತದೆ

ಈಗಿನ ಕಂಪ್ಯೂಟರುಗಳಲ್ಲಿ ಸಿಸ್ಟಮ್‌ಗೂ ಮೊದಲು ಓಡುವ ತಂತ್ರಾಂಶವಾಗಿ ಹಳೆಯ ಬಯೋಸ್ ಬದಲು ಯುಇಎಫ್‌ಐ ಇರುತ್ತದೆ, ಮಾತಿನಲ್ಲಿ ಮಾತ್ರ ಎಲ್ಲರೂ ಬಯೋಸ್ ಎಂದೇ ಕರೆಯುತ್ತಾರೆ. ಮದರ್‌ಬೋರ್ಡಿನ ಒಂದು ಪುಟ್ಟ ಮೆಮೊರಿಯಲ್ಲಿ ಅದು ಬೂಟ್ ಪಟ್ಟಿಯನ್ನು ಇಟ್ಟುಕೊಂಡಿರುತ್ತದೆ. ಪಟ್ಟಿಯ ಒಂದೊಂದು ನಮೂದಿನಲ್ಲೂ ಯಾವ ಡ್ರೈವ್, ಯಾವ ಪಾರ್ಟಿಶನ್, ಯಾವ ಫೈಲ್ ಎಂಬ ವಿವರ ಇರುತ್ತದೆ. ಆ ಫೈಲ್ ಇರುವುದು ಇಎಫ್‌ಐ ಪಾರ್ಟಿಶನ್ ಎಂಬ ಸಣ್ಣ ಫ್ಯಾಟ್32 ಪಾರ್ಟಿಶನ್‌ನಲ್ಲಿ. ವಿಂಡೋಸ್ ತಾನೇ ಮಾಡಿಕೊಂಡರೆ ಅದರ ಗಾತ್ರ ಸಾಮಾನ್ಯವಾಗಿ 100 ಎಂಬಿ. ಅದರೊಳಗೆ ಇಎಫ್‌ಐ ಫೋಲ್ಡರ್, ಅದರಲ್ಲಿ ವಿಂಡೋಸ್‌ಗೆ ಮೈಕ್ರೋಸಾಫ್ಟ್ ಎಂಬ ಫೋಲ್ಡರ್, ಉಬುಂಟುವಿಗೆ ಉಬುಂಟು ಎಂಬ ಫೋಲ್ಡರ್.

ಉಬುಂಟು ಫೋಲ್ಡರನ್ನು ತೆರೆದು ನೋಡಿದರೆ ಶಿಮ್ (ಸೆಕ್ಯೂರ್ ಬೂಟ್ ಒಪ್ಪುವ ಮೊದಲ ಬೂಟ್ ಫೈಲ್), ಗ್ರಬ್ (ಲಿನಕ್ಸ್ ಶುರು ಮಾಡುವ ಬೂಟ್‌ಲೋಡರ್) ಫೈಲ್‌ಗಳ ಜೊತೆ ಮೂರೇ ಸಾಲಿನ ಒಂದು ಸಣ್ಣ ಕಾನ್ಫಿಗ್ ಫೈಲ್ ಕಾಣುತ್ತದೆ. ಮೊದಲ ಸಾಲು ಒಂದು ಉದ್ದನೆಯ ಯುಯುಐಡಿ (ಪಾರ್ಟಿಶನ್‌ನ ಗುರುತಿನ ಸಂಖ್ಯೆ) ಕೊಟ್ಟು ಆ ಪಾರ್ಟಿಶನ್ ಹುಡುಕು ಎನ್ನುತ್ತದೆ. ಉಳಿದೆರಡು ಸಾಲು ಅಲ್ಲಿರುವ ಗ್ರಬ್ ಮೆನುವನ್ನು ಓದಿಸುತ್ತವೆ. ಅಂದರೆ ಬೂಟ್ ಫೈಲ್ ಒಂದು ಡ್ರೈವಿನಲ್ಲಿ, ಉಬುಂಟು ಇನ್ನೊಂದರಲ್ಲಿ ಇದ್ದರೂ ಎಲ್ಲ ಸರಿಯಾಗಿಯೇ ನಡೆಯುತ್ತಿರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಉಬುಂಟು ಡ್ರೈವ್ ಬಿಚ್ಚಿದ ದಿನ ಆ ಯುಯುಐಡಿ ಸಿಗದೆ ಕಪ್ಪು ಪರದೆಯ ಮೇಲೆ ಗ್ರಬ್ ಪ್ರಾಂಪ್ಟ್ ಬಂದು ನಿಲ್ಲುತ್ತದೆ. ವಿಂಡೋಸ್ ಡ್ರೈವ್ ಬಿಚ್ಚಿದರೆ ಉಬುಂಟು ಬೂಟ್ ಆಗುವುದೇ ಇಲ್ಲ.

ಹೀಗೆ ಅಡ್ಡಾದಿಡ್ಡಿ ಆಗಲು ಇನ್‌ಸ್ಟಾಲರ್‌ಗಳೇ ಕಾರಣ. ಮೊದಲೇ ಒಂದು ಇಎಫ್‌ಐ ಪಾರ್ಟಿಶನ್ ಕಂಡರೆ ವಿಂಡೋಸ್ ಸೆಟಪ್ ಅದು ಬೇರೆ ಡ್ರೈವಿನಲ್ಲಿದ್ದರೂ ಅದನ್ನೇ ಬಳಸಿಕೊಂಡುಬಿಡಬಹುದು. ಉಬುಂಟುವಿನ ಹಳೆಯ ಇನ್‌ಸ್ಟಾಲರ್ ಬೂಟ್‌ಲೋಡರ್‌ಗೆ ಎರಡನೇ ಡ್ರೈವ್ ಆಯ್ಕೆ ಮಾಡಿದರೂ ಮೊದಲ ಡ್ರೈವಿನ ಇಎಫ್‌ಐ ಪಾರ್ಟಿಶನ್‌ಗೇ ಬರೆಯುತ್ತಿತ್ತು. ವರ್ಷಗಟ್ಟಲೆ ಉಳಿದುಕೊಂಡ ದೋಷ ಅದು. ಆದ್ದರಿಂದ ಸೂತ್ರ ಇಷ್ಟು: ಇನ್‌ಸ್ಟಾಲ್ ಮಾಡುವಾಗ ಯಾವ ಡ್ರೈವಿಗೆ ಹಾಕುತ್ತೀರೋ ಅದೊಂದೇ ಕಂಪ್ಯೂಟರಿಗೆ ಕಾಣಬೇಕು.

ಬೇಕಾದ ಸಾಮಾನು

ವಿಂಡೋಸ್ 11ಕ್ಕೆ ಕನಿಷ್ಠ 64 ಜಿಬಿ ಎನ್ನುತ್ತಾರೆ, ಅಪ್‌ಡೇಟ್‌ಗಳಿಗೂ ಸಾಫ್ಟ್‌ವೇರ್‌ಗಳಿಗೂ ಸೇರಿ 256 ಜಿಬಿ ಇಟ್ಟುಕೊಂಡರೆ ನೆಮ್ಮದಿ. ಉಬುಂಟು 25 ಜಿಬಿಯಲ್ಲಿ ಕೂರುತ್ತದೆ, ಕೆಲಸಕ್ಕೆ 120 ಜಿಬಿ ಸಾಕು. ಡ್ರೈವ್ ಕೊಳ್ಳುವಾಗ, ಅದು ಬೆಂಗಳೂರಿನ ಎಸ್.ಪಿ. ರೋಡ್ ಆಗಲಿ ಆನ್‌ಲೈನ್ ಆಗಲಿ, ಎಂ.2 ಎಂಬ ಆಕಾರವನ್ನಷ್ಟೇ ನೋಡಿ ಕೊಳ್ಳಬೇಡಿ. ಒಂದೇ ಆಕಾರದಲ್ಲಿ ಎನ್‌ವಿಎಂಇ ಮತ್ತು ಸಾಟಾ ಎಂಬ ಎರಡು ಜಾತಿಗಳಿವೆ. ಎನ್‌ವಿಎಂಇ ಮಾತ್ರ ಒಪ್ಪುವ ಸ್ಲಾಟಿಗೆ ಸಾಟಾ ಎಂ.2 ಸಿಕ್ಕಿಸಿದರೆ ಕೂರುತ್ತದೆ, ಆದರೆ ಕಾಣುವುದಿಲ್ಲ. ಮದರ್‌ಬೋರ್ಡ್ ಕೈಪಿಡಿಯಲ್ಲಿ ಇನ್ನೊಂದು ವಿಷಯ ನೋಡಿ: ಎಷ್ಟೋ ಬೋರ್ಡುಗಳಲ್ಲಿ ಎರಡನೇ ಎಂ.2 ಸ್ಲಾಟ್ ತುಂಬಿದರೆ ಒಂದೆರಡು ಸಾಟಾ ಪೋರ್ಟ್‌ಗಳು ಸ್ತಬ್ಧವಾಗುತ್ತವೆ. ಹೊಸ ಎಸ್‌ಎಸ್‌ಡಿ ಹಾಕಿದ ಮೇಲೆ ಹಳೆಯ ಹಾರ್ಡ್ ಡಿಸ್ಕ್ ಕಾಣೆಯಾದರೆ ಅದು ಕೆಟ್ಟಿದೆ ಎಂದುಕೊಳ್ಳುವ ಮೊದಲು ಪೋರ್ಟ್ ಬದಲಿಸಿ.

ಎಂ.2 ಡ್ರೈವನ್ನು ಸುಮಾರು 30 ಡಿಗ್ರಿ ಓರೆಯಾಗಿ ತೂರಿಸಿ, ಕೆಳಗೆ ಒತ್ತಿ, ಸ್ಕ್ರೂ ಬಿಗಿಯಬೇಕು. ಆ ಪುಟ್ಟ ಸ್ಕ್ರೂ ಸಾಮಾನ್ಯವಾಗಿ ಮದರ್‌ಬೋರ್ಡ್ ಡಬ್ಬದಲ್ಲಿರುತ್ತದೆ, ಎಸ್‌ಎಸ್‌ಡಿ ಡಬ್ಬದಲ್ಲಿ ಇರುತ್ತದೆಂಬ ನಂಬಿಕೆ ಬೇಡ. 2.5 ಇಂಚಿನ ಸಾಟಾ ಡ್ರೈವ್ ಆದರೆ ಒಂದು ಡೇಟಾ ಕೇಬಲ್, ಎಸ್‌ಎಂಪಿಎಸ್‌ನಿಂದ ಒಂದು ಪವರ್ ಕನೆಕ್ಟರ್. ಲ್ಯಾಪ್‌ಟಾಪ್ ಬಿಚ್ಚುವವರು ಮೊದಲು ಚಾರ್ಜರ್ ತೆಗೆದು, ಒಳಗಿನ ಬ್ಯಾಟರಿ ಕನೆಕ್ಟರ್ ಕಳಚಿ, ಆಮೇಲೆ ಸ್ಲಾಟ್ ಮುಟ್ಟಿ.

ಇದಲ್ಲದೆ 8 ಜಿಬಿ ಅಥವಾ ಹೆಚ್ಚಿನ ಪೆನ್‌ಡ್ರೈವ್ ಬೇಕು. ವಿಂಡೋಸ್‌ನಲ್ಲಿ ಬೂಟ್ ಪೆನ್‌ಡ್ರೈವ್ ಮಾಡುವ ರೂಫಸ್ ಎಂಬ ತಂತ್ರಾಂಶ ತೆರೆದು ಉಬುಂಟು ಐಎಸ್‌ಒ (ಇನ್‌ಸ್ಟಾಲ್ ಫೈಲ್) ಆರಿಸಿ, ಪಾರ್ಟಿಶನ್ ಸ್ಕೀಮ್ ಜಿಪಿಟಿ, ಟಾರ್ಗೆಟ್ ಯುಇಎಫ್‌ಐ ಎಂದಿಟ್ಟು ಬರೆಯಿರಿ. ಪೆನ್‌ಡ್ರೈವಿನಲ್ಲಿದ್ದುದೆಲ್ಲ ಅಳಿಸಿಹೋಗುತ್ತದೆ. ವಿಂಡೋಸನ್ನೂ ಹೊಸದಾಗಿ ಹಾಕುವುದಿದ್ದರೆ ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಶನ್ ಟೂಲ್‌ನಿಂದ ಇನ್ನೊಂದು ಪೆನ್‌ಡ್ರೈವ್ ಮಾಡಿಕೊಳ್ಳಿ. ವಿಂಡೋಸ್ ಕೆಟ್ಟರೆ ಸರಿಪಡಿಸಲು ಅದೇ ಬೇಕಾಗುವುದರಿಂದ, ಹೊಸದಾಗಿ ಹಾಕದವರೂ ಮಾಡಿಟ್ಟುಕೊಳ್ಳುವುದು ಒಳ್ಳೆಯದು.

ಡ್ರೈವ್ ಬಿಚ್ಚುವ ಮೊದಲು ವಿಂಡೋಸ್‌ನಲ್ಲಿ ಮಾಡಬೇಕಾದ್ದು

ಈ ಭಾಗವನ್ನು ಹಾರಿಸಬೇಡಿ. ಡೇಟಾ ಕಳೆದುಕೊಳ್ಳುವವರು ಹೆಚ್ಚಾಗಿ ಎಡವುವುದು ಇಲ್ಲೇ.

ಮೊದಲನೆಯದು ಬಿಟ್‌ಲಾಕರ್, ಅಂದರೆ ಡ್ರೈವಿನ ಡೇಟಾವನ್ನು ಗೂಢಲಿಪಿಯಲ್ಲಿಡುವ ವಿಂಡೋಸ್ ವ್ಯವಸ್ಥೆ; ಡಿವೈಸ್ ಎನ್‌ಕ್ರಿಪ್ಶನ್ ಅದರದೇ ಸರಳ ರೂಪ. ವಿಂಡೋಸ್ 11ರ 24ಎಚ್2 ಆವೃತ್ತಿಯನ್ನು ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದ ಕಂಪ್ಯೂಟರುಗಳಲ್ಲಿ ಡಿವೈಸ್ ಎನ್‌ಕ್ರಿಪ್ಶನ್ ತಾನಾಗಿಯೇ ಆನ್ ಆಗಿರುತ್ತದೆ, ಹೋಮ್ ಆವೃತ್ತಿಯಲ್ಲೂ. ಸೆಟ್ಟಿಂಗ್ಸ್‌ನ ಪ್ರೈವಸಿ ಅಂಡ್ ಸೆಕ್ಯೂರಿಟಿಯಲ್ಲಿ ಡಿವೈಸ್ ಎನ್‌ಕ್ರಿಪ್ಶನ್ ನೋಡಿ. ಆನ್ ಇದ್ದರೆ ಮೈಕ್ರೋಸಾಫ್ಟ್ ಖಾತೆಗೆ ಹೋಗಿ 48 ಅಂಕಿಗಳ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಅದೇ ಕಂಪ್ಯೂಟರಿನ ಡೆಸ್ಕ್‌ಟಾಪ್‌ನಲ್ಲಿ ಸೇವ್ ಮಾಡಿದರೆ ಬೇಕಾದಾಗ ಸಿಗುವುದಿಲ್ಲ. ಬಯೋಸ್‌ನಲ್ಲಿ ಸೆಕ್ಯೂರ್ ಬೂಟ್ ಬದಲಿಸಿದರೆ ಅಥವಾ ಬೂಟ್ ಆಗುವ ದಾರಿ ಬದಲಾದರೆ ಟಿಪಿಎಂ ಚಿಪ್ ಕೀ ಕೊಡಲು ಒಪ್ಪುವುದಿಲ್ಲ, ವಿಂಡೋಸ್ ಆ 48 ಅಂಕಿಗಳನ್ನು ಕೇಳುತ್ತದೆ. ಕೀ ಇಲ್ಲದಿದ್ದರೆ ಡ್ರೈವಿನಲ್ಲಿರುವುದನ್ನು ಯಾರಿಂದಲೂ ತೆಗೆಯಲಾಗದು. ಪ್ರೊ ಆವೃತ್ತಿಯವರು ಕಂಟ್ರೋಲ್ ಪ್ಯಾನೆಲ್‌ನಲ್ಲಿ ಬಿಟ್‌ಲಾಕರ್ ತೆರೆದು ಸಸ್ಪೆಂಡ್ ಪ್ರೊಟೆಕ್ಷನ್ ಒತ್ತಿ, ಕೆಲಸ ಮುಗಿದ ಮೇಲೆ ಮತ್ತೆ ಶುರು ಮಾಡಿ.

ಎರಡನೆಯದು ಫಾಸ್ಟ್ ಸ್ಟಾರ್ಟಪ್. ಇದು ಆನ್ ಇದ್ದರೆ ಶಟ್‌ಡೌನ್ ಒತ್ತಿದರೂ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ, ಕರ್ನಲ್ ಸ್ಥಿತಿಯನ್ನು ಡಿಸ್ಕ್‌ಗೆ ಬರೆದು ಮಲಗುತ್ತದೆ. ಆಗ ಅದರ ಪಾರ್ಟಿಶನ್ ಅರ್ಧ ತೆರೆದ ಸ್ಥಿತಿಯಲ್ಲೇ ಇರುತ್ತದೆ. ಲಿನಕ್ಸ್ ಅದನ್ನು ಓದಲು ಮಾತ್ರ ತೆರೆಯುತ್ತದೆ ಅಥವಾ ತೆರೆಯುವುದೇ ಇಲ್ಲ. ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಶನ್ಸ್, ಚೂಸ್ ವಾಟ್ ದ ಪವರ್ ಬಟನ್ಸ್ ಡು ಎಂದು ಹೋಗಿ, ಚೇಂಜ್ ಸೆಟ್ಟಿಂಗ್ಸ್ ದಟ್ ಆರ್ ಕರೆಂಟ್ಲಿ ಅನ್‌ಅವೈಲಬಲ್ ಒತ್ತಿ, ಟರ್ನ್ ಆನ್ ಫಾಸ್ಟ್ ಸ್ಟಾರ್ಟಪ್ ಗುರುತನ್ನು ತೆಗೆಯಿರಿ. ಎಸ್‌ಎಸ್‌ಡಿಯಲ್ಲಿ ಇದರಿಂದ ಆಗುವ ನಷ್ಟ ಕೆಲವು ಸೆಕೆಂಡುಗಳಷ್ಟೇ.

ಮೂರನೆಯದು, ವಿಂಡೋಸ್ ಯಾವ ಕ್ರಮದಲ್ಲಿ ಬೂಟ್ ಆಗುತ್ತಿದೆ ಎಂಬುದು. ವಿಂಡೋಸ್ ಕೀ ಮತ್ತು ಆರ್ ಒತ್ತಿ ಎಂಎಸ್‌ಇನ್ಫೋ32 ಎಂದು ಕೊಟ್ಟರೆ ಬಯೋಸ್ ಮೋಡ್ ಎಂಬ ಸಾಲು ಕಾಣುತ್ತದೆ. ಅಲ್ಲಿ ಯುಇಎಫ್‌ಐ ಎಂದಿದ್ದರೆ ಮುಂದುವರಿಯಿರಿ. ಲೆಗಸಿ ಎಂದಿದ್ದರೆ ಅದು ಜಿಪಿಟಿ ಅಲ್ಲ, ಹಳೆಯ ಎಂಬಿಆರ್ ಪಾರ್ಟಿಶನ್ ಪದ್ಧತಿಯ ಡ್ರೈವ್. ಒಂದು ಲೆಗಸಿ, ಇನ್ನೊಂದು ಯುಇಎಫ್‌ಐ ಎಂದು ಬೆರೆಸಿದರೆ ಬೂಟ್ ಮಾಡುವಾಗಲೆಲ್ಲ ಬಯೋಸ್ ಸೆಟ್ಟಿಂಗ್ ಬದಲಿಸುವ ಗೋಳು ತಪ್ಪದು. ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ಮೊದಲು «ಎಂಬಿಆರ್2ಜಿಪಿಟಿ /ವ್ಯಾಲಿಡೇಟ್ /ಅಲೋಫುಲ್ಓಎಸ್», ಅದು ಸರಿ ಎಂದರೆ ವ್ಯಾಲಿಡೇಟ್ ಜಾಗದಲ್ಲಿ ಕನ್ವರ್ಟ್ ಎಂದು ಕೊಟ್ಟು ಬದಲಿಸಬಹುದು. ಡ್ರೈವಿನಲ್ಲಿ ಮೂರಕ್ಕಿಂತ ಹೆಚ್ಚು ಪ್ರೈಮರಿ ಪಾರ್ಟಿಶನ್ ಇದ್ದರೆ ಇದು ನಡೆಯುವುದಿಲ್ಲ. ಬದಲಾದ ಕೂಡಲೇ ಬಯೋಸ್‌ಗೆ ಹೋಗಿ ಲೆಗಸಿ ಅಥವಾ ಸಿಎಸ್‌ಎಂ (ಹಳೆಯ ಬಯೋಸ್ ಕ್ರಮದ ಬೂಟ್) ಆಫ್ ಮಾಡಲೇಬೇಕು, ಇಲ್ಲದಿದ್ದರೆ ವಿಂಡೋಸ್ ಬೂಟ್ ಆಗದು.

ಕೊನೆಯದು ಇಂಟೆಲ್ ಲ್ಯಾಪ್‌ಟಾಪ್‌ಗಳವರಿಗೆ. ಹಲವು ಲ್ಯಾಪ್‌ಟಾಪ್‌ಗಳಲ್ಲಿ, ಅದರಲ್ಲೂ 11ನೇ ತಲೆಮಾರಿನ ಪ್ರೊಸೆಸರ್ ಬಂದಮೇಲಿನವುಗಳಲ್ಲಿ, ಸ್ಟೋರೇಜ್ ಆರ್‌ಎಸ್‌ಟಿ ಅಥವಾ ವಿಎಂಡಿ ಎಂಬ ಇಂಟೆಲ್‌ನದೇ ಕ್ರಮದಲ್ಲಿರುತ್ತದೆ. ಲಿನಕ್ಸ್ ಇನ್‌ಸ್ಟಾಲರ್‌ಗೆ ಎನ್‌ವಿಎಂಇ ಡ್ರೈವ್ ಕಾಣದೇ ಹೋಗುವುದು ಇದರಿಂದಲೇ. ಬಯೋಸ್‌ನಲ್ಲಿ ನೇರವಾಗಿ ಎಎಚ್‌ಸಿಐ ಎಂಬ ಸಾಮಾನ್ಯ ಕ್ರಮಕ್ಕೆ ಬದಲಿಸಿದರೆ ವಿಂಡೋಸ್ ನೀಲಿ ಪರದೆ ತೋರಿಸಿ ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್ ಎನ್ನುತ್ತದೆ, ಹೊಸ ಕ್ರಮಕ್ಕೆ ಬೇಕಾದ ಡ್ರೈವರ್ ಬೂಟ್ ಸಮಯಕ್ಕೆ ಸಿದ್ಧವಿರುವುದಿಲ್ಲವಲ್ಲ. ದಾರಿ ಹೀಗೆ: ಎಂಎಸ್‌ಕಾನ್ಫಿಗ್‌ನಲ್ಲಿ ಬೂಟ್ ಟ್ಯಾಬ್‌ಗೆ ಹೋಗಿ ಸೇಫ್ ಬೂಟ್ ಗುರುತು ಮಾಡಿ ರೀಸ್ಟಾರ್ಟ್ ಮಾಡಿ, ಅದೇ ಉಸಿರಿನಲ್ಲಿ ಬಯೋಸ್‌ಗೆ ಹೋಗಿ ಎಎಚ್‌ಸಿಐಗೆ ಬದಲಿಸಿ, ವಿಂಡೋಸ್ ಸೇಫ್ ಮೋಡ್‌ನಲ್ಲಿ ಒಮ್ಮೆ ತೆರೆಯಲಿ. ಡ್ರೈವರ್ ತಾನೇ ಕೂರುತ್ತದೆ. ಆಮೇಲೆ ಗುರುತು ತೆಗೆದು ಮತ್ತೆ ರೀಸ್ಟಾರ್ಟ್. ಸೇಫ್ ಮೋಡ್‌ಗೆ ಪಿನ್ ಸಾಲದೆ ಪಾಸ್‌ವರ್ಡ್ ಕೇಳಬಹುದು, ಅದು ನೆನಪಿದೆಯೇ ನೋಡಿಕೊಳ್ಳಿ.

ಇನ್‌ಸ್ಟಾಲ್: ಒಂದು ಸಲಕ್ಕೆ ಒಂದೇ ಡ್ರೈವ್

ಕಂಪ್ಯೂಟರ್ ಆಫ್ ಮಾಡಿ, ಪವರ್ ಕೇಬಲ್ ತೆಗೆದು, ವಿಂಡೋಸ್ ಡ್ರೈವ್ ಬಿಚ್ಚಿಡಿ. ಸಾಟಾ ಆದರೆ ಡೇಟಾ ಕೇಬಲ್ ಕಿತ್ತರೆ ಸಾಕು. ಎಂ.2 ಆದರೆ ಸ್ಕ್ರೂ ತೆಗೆದು ಪೂರ್ತಿ ಹೊರಗಿಡಿ. ಹೊಸ ಡ್ರೈವ್ ಅದರ ಸ್ಲಾಟಿನಲ್ಲೇ ಇರಲಿ. ಎರಡೂ ಸಿಸ್ಟಮ್ ಹೊಸದಾಗಿ ಹಾಕುವವರು ಯಾವುದನ್ನು ಮೊದಲು ಹಾಕಿದರೂ ನಡೆದೀತು. ವಿಂಡೋಸ್ ಮೊದಲು ಹಾಕಬೇಕು ಎಂಬ ಹಳೆಯ ನಿಯಮ ಒಂದೇ ಡ್ರೈವ್ ಹಂಚಿಕೊಳ್ಳುವವರಿಗೆ ಸಂಬಂಧಪಟ್ಟದ್ದು.

ಪೆನ್‌ಡ್ರೈವ್ ಹಾಕಿ ಬೂಟ್ ಮೆನು ಕೀ ಒತ್ತಿ. ಡೆಲ್ ಮತ್ತು ಲೆನೊವೊಗೆ ಎಫ್12, ಎಚ್‌ಪಿಗೆ ಎಫ್9, ಏಸರ್‌ಗೆ ಎಫ್12 ಆದರೂ ಕೆಲವದರಲ್ಲಿ ಮೊದಲು ಬಯೋಸ್‌ನಲ್ಲಿ ಆ ಮೆನುವನ್ನು ಆನ್ ಮಾಡಬೇಕು. ಬಿಡಿ ಮದರ್‌ಬೋರ್ಡುಗಳಲ್ಲಿ ಏಸಸ್‌ಗೆ ಎಫ್8, ಗಿಗಾಬೈಟ್‌ಗೆ ಎಫ್12, ಎಂಎಸ್‌ಐ ಮತ್ತು ಎಎಸ್‌ರಾಕ್‌ಗೆ ಎಫ್11. ಏಸಸ್ ಲ್ಯಾಪ್‌ಟಾಪ್‌ಗಳಲ್ಲಿ ಎಸ್ಕೇಪ್. ಪೆನ್‌ಡ್ರೈವ್ ಹೆಸರು ಎರಡು ಸಲ ಕಂಡರೆ ಮುಂದೆ ಯುಇಎಫ್‌ಐ ಎಂದಿರುವುದನ್ನು ಆರಿಸಿ. ಇನ್ನೊಂದನ್ನು ಆರಿಸಿದರೆ ಉಬುಂಟು ಲೆಗಸಿ ಕ್ರಮದಲ್ಲಿ ಕೂತು, ಮುಂದೆ ಎರಡೂ ಒಟ್ಟಿಗೆ ಇರುವುದೇ ಕಷ್ಟವಾಗುತ್ತದೆ. ಕೆಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ, ಥಿಂಕ್‌ಪ್ಯಾಡ್‌ಗಳಲ್ಲಿ ವಿಶೇಷವಾಗಿ, ಲಿನಕ್ಸ್ ಪೆನ್‌ಡ್ರೈವನ್ನು ಸೆಕ್ಯೂರ್ ಬೂಟ್ ತಡೆಯುತ್ತದೆ. ಬಯೋಸ್‌ನ ಸೆಕ್ಯೂರಿಟಿ ಪುಟದಲ್ಲಿ ಅಲೋ ಮೈಕ್ರೋಸಾಫ್ಟ್ ಥರ್ಡ್ ಪಾರ್ಟಿ ಯುಇಎಫ್‌ಐ ಸಿಎ ಎಂಬುದನ್ನು ಆನ್ ಮಾಡಿದರೆ ಸಾಕು, ಸೆಕ್ಯೂರ್ ಬೂಟ್ ಪೂರ್ತಿ ಆಫ್ ಮಾಡಬೇಕಿಲ್ಲ.

ಡ್ರೈವ್ ಒಂದೇ ಇರುವುದರಿಂದ ಇಲ್ಲಿಂದ ಮುಂದೆ ತಲೆಬಿಸಿ ಇಲ್ಲ. ಇರೇಸ್ ಡಿಸ್ಕ್ ಅಂಡ್ ಇನ್‌ಸ್ಟಾಲ್ ಉಬುಂಟು ಎಂದು ಆರಿಸಿದರೆ ಇಎಫ್‌ಐ ಪಾರ್ಟಿಶನ್, ಇಎಕ್ಸ್‌ಟಿ4 ರೂಟ್ (ಉಬುಂಟು ಕೂರುವ ಮುಖ್ಯ ಪಾರ್ಟಿಶನ್), ಸ್ವಾಪ್ ಫೈಲ್ (ಮೆಮೊರಿ ಸಾಲದಾಗ ಬಳಸುವ ಜಾಗ) ಎಲ್ಲವನ್ನೂ ಅದೇ ಮಾಡಿಕೊಳ್ಳುತ್ತದೆ. ಗ್ರಾಫಿಕ್ಸ್, ವೈಫೈಗೆ ಥರ್ಡ್ ಪಾರ್ಟಿ ಡ್ರೈವರ್ ಬೇಕೆಂದು ಗುರುತು ಮಾಡಿದರೆ ಕೆಲವೊಮ್ಮೆ ಒಂದು ಪಾಸ್‌ವರ್ಡ್ ಕೇಳುತ್ತದೆ. ಮುಂದಿನ ಬೂಟ್‌ನಲ್ಲಿ ನೀಲಿ ಪರದೆಯ ಮೇಲೆ ಪರ್ಫಾರ್ಮ್ ಎಂಒಕೆ ಮ್ಯಾನೇಜ್‌ಮೆಂಟ್ ಎಂದು ಬರುತ್ತದೆ. ಎಂಒಕೆ ಎಂದರೆ ಆ ಡ್ರೈವರನ್ನು ಸೆಕ್ಯೂರ್ ಬೂಟ್ ಒಪ್ಪುವಂತೆ ಮಾಡುವ ಕೀ. ಅದು ಕೆಲವು ಸೆಕೆಂಡು ಮಾತ್ರ ಕಾಯುವುದರಿಂದ ಕೂಡಲೇ ಒಂದು ಕೀ ಒತ್ತಿ, ಎನ್‌ರೋಲ್ ಎಂಒಕೆ, ಕಂಟಿನ್ಯೂ, ಯೆಸ್ ಎಂದು ಹೋಗಿ ಅದೇ ಪಾಸ್‌ವರ್ಡ್ ಕೊಡಿ. ಇದನ್ನು ತಪ್ಪಿಸಿಕೊಂಡರೆ ಸಿಸ್ಟಮ್ ಬೂಟ್ ಆಗುತ್ತದೆ, ಆದರೆ ಆ ಡ್ರೈವರ್ ಲೋಡ್ ಆಗುವುದಿಲ್ಲ.

ಮಳೆಗಾಲದಲ್ಲಿ ಕರೆಂಟ್ ಹೋಗಿ ಬರುವ ಊರಿನವರು ಈ ಕೆಲಸವನ್ನು ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್‌ನಲ್ಲಿ ಮಾಡಬೇಡಿ. ಉಬುಂಟು ಅರ್ಧಕ್ಕೆ ನಿಂತರೆ ಮತ್ತೆ ಹಾಕಬಹುದು. ಮೇಲೆ ಹೇಳಿದ ಎಂಬಿಆರ್2ಜಿಪಿಟಿ ಅರ್ಧಕ್ಕೆ ನಿಂತರೆ ವಿಂಡೋಸ್ ಡ್ರೈವೇ ಹೋಗಬಹುದು.

ಮುಗಿದ ಮೇಲೆ ವಿಂಡೋಸ್ ಡ್ರೈವ್ ಜೋಡಿಸುವ ಮೊದಲೇ ಉಬುಂಟು ಒಂದೆರಡು ಸಲ ರೀಸ್ಟಾರ್ಟ್ ಆಗಲಿ. ಅಪ್‌ಡೇಟ್‌ಗಳೂ ಆಗಿಬಿಡಲಿ.

ಬಿಚ್ಚಲು ಸಾಧ್ಯವಿಲ್ಲದಿದ್ದರೆ

ವಾರಂಟಿ ಸ್ಟಿಕ್ಕರ್ ಹಾಳಾಗುವ ಭಯ ಇರುವವರು ಮೊದಲು ಬಯೋಸ್‌ನಲ್ಲಿ ನೋಡಿ. ಕೆಲವು ಬೋರ್ಡುಗಳಲ್ಲಿ ಒಂದೊಂದು ಸಾಟಾ ಪೋರ್ಟನ್ನೂ, ಕಚೇರಿ ಬಳಕೆಯ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಒಂದೊಂದು ಎಂ.2 ಸ್ಲಾಟನ್ನೂ ಆಫ್ ಮಾಡುವ ಸೌಲಭ್ಯ ಇದೆ.

ಅದೂ ಇಲ್ಲದಿದ್ದರೆ ಉಬುಂಟು ಪೆನ್‌ಡ್ರೈವಿನಿಂದ ಟ್ರೈ ಉಬುಂಟು ಎಂದು ತೆರೆದು ಪಾರ್ಟಿಶನ್ ತಿದ್ದುವ ಜಿಪಾರ್ಟೆಡ್‌ನಲ್ಲಿ ವಿಂಡೋಸ್ ಡ್ರೈವಿನ ಇಎಫ್‌ಐ ಪಾರ್ಟಿಶನ್ ಮೇಲೆ ರೈಟ್ ಕ್ಲಿಕ್ ಮಾಡಿ, ಮ್ಯಾನೇಜ್ ಫ್ಲ್ಯಾಗ್ಸ್‌ನಲ್ಲಿ ಬೂಟ್ ಮತ್ತು ಇಎಸ್‌ಪಿ ಗುರುತುಗಳನ್ನು ತೆಗೆಯಿರಿ. ಆಗ ಇನ್‌ಸ್ಟಾಲರ್‌ಗೆ ಅದು ಇಎಫ್‌ಐ ಪಾರ್ಟಿಶನ್ ಎಂದು ಕಾಣುವುದಿಲ್ಲ. ಮ್ಯಾನುಯಲ್ ಪಾರ್ಟಿಶನಿಂಗ್ ಆರಿಸಿ ಹೊಸ ಡ್ರೈವಿನಲ್ಲಿ 1 ಜಿಬಿಯ ಇಎಫ್‌ಐ ಪಾರ್ಟಿಶನ್, ಉಳಿದ ಜಾಗಕ್ಕೆ ಇಎಕ್ಸ್‌ಟಿ4 ರೂಟ್ ಮಾಡಿ, ಬೂಟ್‌ಲೋಡರ್ ಜಾಗವಾಗಿ ಹೊಸ ಡ್ರೈವನ್ನೇ ತೋರಿಸಿ. ಇನ್‌ಸ್ಟಾಲ್ ಮುಗಿದ ಕೂಡಲೇ, ರೀಸ್ಟಾರ್ಟ್ ಮಾಡುವ ಮೊದಲು, ಜಿಪಾರ್ಟೆಡ್‌ಗೆ ಹಿಂದಿರುಗಿ ಆ ಗುರುತುಗಳನ್ನು ಮತ್ತೆ ಹಾಕಿ. ಮರೆತರೆ ವಿಂಡೋಸ್ ಬೂಟ್ ಆಗದೇ ಹೋಗಬಹುದು.

ಈ ದಾರಿಯಲ್ಲಿ ಎರಡು ಡ್ರೈವೂ ಕಣ್ಣೆದುರು ಇರುವುದರಿಂದ ತಪ್ಪು ಡ್ರೈವ್ ಅಳಿಸುವ ಅಪಾಯ ದೊಡ್ಡದು. ಎನ್‌ವಿಎಂಇ0, ಎನ್‌ವಿಎಂಇ1 ಎಂಬ ಸಂಖ್ಯೆಗಳನ್ನು ನಂಬಬೇಡಿ, ಒಂದು ಬೂಟ್‌ನಿಂದ ಇನ್ನೊಂದಕ್ಕೆ ಅವು ಅದಲುಬದಲಾಗಬಹುದು. ಡ್ರೈವಿನ ಮಾಡೆಲ್ ಹೆಸರು, ಗಾತ್ರ, ಒಳಗೆ ವಿಂಡೋಸ್‌ನ ಎನ್‌ಟಿಎಫ್‌ಎಸ್ ಪಾರ್ಟಿಶನ್‌ಗಳಿವೆಯೇ ಎಂಬ ಮೂರನ್ನೂ ತಾಳೆ ನೋಡಿ. ಎರಡೂ ಒಂದೇ ಕಂಪನಿಯ ಒಂದೇ ಗಾತ್ರದ ಡ್ರೈವ್ ಆಗಿದ್ದರೆ ಈ ದಾರಿ ಹಿಡಿಯಲೇಬೇಡಿ, ಬಿಚ್ಚಿಯೇ ಮಾಡಿ. ಹೊಸ ಡ್ರೈವ್ ಕೊಳ್ಳುವಾಗಲೇ ಬೇರೆ ಗಾತ್ರದ್ದು ತಂದರೆ ಮುಂದೆಂದೂ ಈ ಗೊಂದಲ ಇರದು.

ಎರಡನ್ನೂ ಜೋಡಿಸಿದ ಮೇಲೆ

ವಿಂಡೋಸ್ ಡ್ರೈವ್ ವಾಪಸ್ ಹಾಕಿ ಬಯೋಸ್ ತೆರೆಯಿರಿ. ಬೂಟ್ ಪಟ್ಟಿಯಲ್ಲಿ ವಿಂಡೋಸ್ ಬೂಟ್ ಮ್ಯಾನೇಜರ್, ಉಬುಂಟು ಎರಡೂ ಕಾಣಬೇಕು. ಡ್ರೈವ್ ಬಿಚ್ಚಿದಾಗ ಕೆಲವು ಬೋರ್ಡುಗಳು ಅದರ ನಮೂದನ್ನೇ ಅಳಿಸಿಬಿಡುತ್ತವೆ, ಗಾಬರಿ ಬೇಡ. ಇಎಫ್‌ಐ ಪಾರ್ಟಿಶನ್‌ನಲ್ಲಿ ಬೂಟ್ ಎಂಬ ಫೋಲ್ಡರಿನೊಳಗೆ ಬೂಟ್‌ಎಕ್ಸ್64 ಎಂಬ ಫೈಲನ್ನು ವಿಂಡೋಸೂ ಉಬುಂಟುವೂ ಇಟ್ಟಿರುತ್ತವೆ. ನಮೂದು ಇಲ್ಲದಿದ್ದರೂ ಬೂಟ್ ಮೆನುವಿನಲ್ಲಿ ಡ್ರೈವಿನ ಹೆಸರನ್ನೇ ಆರಿಸಿದರೆ ಯುಇಎಫ್‌ಐ ಈ ಫೈಲನ್ನು ಹುಡುಕಿಕೊಂಡು ಹೋಗುತ್ತದೆ. ಒಂದೊಂದು ಡ್ರೈವಿಗೂ ಅದರದೇ ಇಎಫ್‌ಐ ಪಾರ್ಟಿಶನ್ ಇದ್ದರೆ ಮಾತ್ರ ಈ ಅನುಕೂಲ.

ಹೆಚ್ಚು ಬಳಸುವುದನ್ನು ಮೊದಲಿಗಿಟ್ಟು, ಇನ್ನೊಂದು ಬೇಕಾದಾಗ ಬೂಟ್ ಮೆನು ಕೀ ಒತ್ತುವುದು ನಮ್ಮ ಸಲಹೆ. ಗ್ರಬ್ ಮೆನುವಿನಲ್ಲಿ ವಿಂಡೋಸ್ ಸೇರಿಸಬೇಕೆಂಬ ಆಸೆ ಅನೇಕರಿಗೆ. 2021ರ ಗ್ರಬ್ 2.06ರಿಂದ ಬೇರೆ ಸಿಸ್ಟಮ್‌ಗಳನ್ನು ಹುಡುಕುವ ಓಎಸ್ ಪ್ರೋಬರ್ ಮೂಲದಲ್ಲೇ ಆಫ್ ಆಗಿದೆ. ಗ್ರಬ್ ಸೆಟ್ಟಿಂಗ್ ಫೈಲಿನಲ್ಲಿ ಗ್ರಬ್_ಡಿಸೇಬಲ್_ಓಎಸ್_ಪ್ರೋಬರ್ ಎಂಬುದಕ್ಕೆ ಫಾಲ್ಸ್ ಕೊಟ್ಟು «ಸುಡೊ ಅಪ್‌ಡೇಟ್-ಗ್ರಬ್» ಓಡಿಸಿದರೆ ವಿಂಡೋಸ್ ಮೆನುವಿನಲ್ಲಿ ಬರುತ್ತದೆ. ಆದರೆ ಬಿಟ್‌ಲಾಕರ್ ಇರುವ ವಿಂಡೋಸನ್ನು ಗ್ರಬ್ ಮೂಲಕ ತೆರೆದರೆ ಬೂಟ್ ದಾರಿ ಬದಲಾದ್ದನ್ನು ಟಿಪಿಎಂ ಗುರುತಿಸಿ ರಿಕವರಿ ಕೀ ಕೇಳುವ ಸಾಧ್ಯತೆ ಇದೆ. ಡ್ರೈವ್ ಬೇರೆ ಮಾಡಿ, ಮತ್ತೆ ಗ್ರಬ್ ಮೂಲಕ ಅವುಗಳಿಗೆ ಗಂಟು ಹಾಕುವುದರಲ್ಲಿ ಅರ್ಥವಿಲ್ಲ.

ಕೀ ಒತ್ತುವ ಸಮಯ ತಪ್ಪುತ್ತಿದ್ದರೆ ಬೇರೆ ದಾರಿಗಳಿವೆ. ವಿಂಡೋಸ್‌ನಲ್ಲಿ ಶಿಫ್ಟ್ ಹಿಡಿದು ರೀಸ್ಟಾರ್ಟ್ ಒತ್ತಿ ಯೂಸ್ ಎ ಡಿವೈಸ್ ಎಂಬಲ್ಲಿ ಉಬುಂಟು ಆರಿಸಬಹುದು. ಆ ಆಯ್ಕೆ ಎಲ್ಲ ಕಂಪ್ಯೂಟರಿನಲ್ಲೂ ಕಾಣುವುದಿಲ್ಲ. ಉಬುಂಟುವಿನಲ್ಲಿ «ಇಎಫ್‌ಐಬೂಟ್‌ಎಂಜಿಆರ್» ಓಡಿಸಿ ವಿಂಡೋಸ್‌ನ ನಾಲ್ಕು ಅಂಕಿಯ ಸಂಖ್ಯೆ ನೋಡಿಕೊಂಡು, «ಸುಡೊ ಇಎಫ್‌ಐಬೂಟ್‌ಎಂಜಿಆರ್ --ಬೂಟ್‌ನೆಕ್ಸ್ಟ್» ಮುಂದೆ ಆ ಸಂಖ್ಯೆ ಕೊಟ್ಟರೆ ಮುಂದಿನ ಒಂದು ಸಲಕ್ಕೆ ಮಾತ್ರ ವಿಂಡೋಸ್ ತೆರೆಯುತ್ತದೆ.

ಐದೂವರೆ ಗಂಟೆಯ ವ್ಯತ್ಯಾಸ

ಮದರ್‌ಬೋರ್ಡಿನ ಗಡಿಯಾರದಲ್ಲಿ ಸ್ಥಳೀಯ ಸಮಯ ಇದೆ ಎಂದು ವಿಂಡೋಸ್ ತಿಳಿಯುತ್ತದೆ, ಯುಟಿಸಿ (ಭಾರತಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ಇದೆ ಎಂದು ಲಿನಕ್ಸ್ ತಿಳಿಯುತ್ತದೆ. ಅದಕ್ಕೇ ಉಬುಂಟು ಬಳಸಿ ವಿಂಡೋಸ್‌ಗೆ ಬಂದರೆ ಸಮಯ 5 ಗಂಟೆ 30 ನಿಮಿಷ ಹಿಂದಿರುತ್ತದೆ. ಗಡಿಯಾರ ತಪ್ಪಿದ್ದರೆ ಬ್ಯಾಂಕ್ ವೆಬ್‌ಸೈಟುಗಳು ಸರ್ಟಿಫಿಕೇಟ್ ದೋಷ ತೋರಿಸಬಹುದು, ಒಟಿಪಿ ಆಪ್‌ನ ಕೋಡ್‌ಗಳು ತಿರಸ್ಕೃತವಾಗಬಹುದು. ಭಾರತದಲ್ಲಿ ಇರುವವರಿಗೆ ಸುಲಭದ ದಾರಿ ಉಬುಂಟುವಿನಲ್ಲಿ «ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1» ಎಂದು ಕೊಡುವುದು. ಅದು ಬೇಸಿಗೆ ಸಮಯದ ಬದಲಾವಣೆ ಬಗ್ಗೆ ಎಚ್ಚರಿಸುತ್ತದೆ, ನಮ್ಮಲ್ಲಿ ಗಡಿಯಾರ ಹಿಂದೆ ಮುಂದೆ ಮಾಡುವ ಪದ್ಧತಿ ಇಲ್ಲವಾದ್ದರಿಂದ ಚಿಂತೆಯಿಲ್ಲ. ಅಮೆರಿಕ, ಯುರೋಪಿನಲ್ಲಿ ಇರುವ ಕನ್ನಡಿಗರು ಮಾತ್ರ ಹೀಗೆ ಮಾಡಬೇಡಿ. ಗಡಿಯಾರ ಬದಲಾಗುವ ದಿನ ಎರಡು ಸಿಸ್ಟಮ್‌ಗಳೂ ಒಂದೊಂದು ಗಂಟೆ ತಿದ್ದಿಬಿಡುವ ಸಂಭವ ಇದೆ. ಅವರು ವಿಂಡೋಸ್ ರಿಜಿಸ್ಟ್ರಿಯಲ್ಲಿ ಕರೆಂಟ್‌ಕಂಟ್ರೋಲ್‌ಸೆಟ್‌ನ ಕಂಟ್ರೋಲ್ ಒಳಗಿನ ಟೈಮ್‌ಝೋನ್‌ಇನ್ಫರ್ಮೇಶನ್‌ಗೆ ಹೋಗಿ ರಿಯಲ್‌ಟೈಮ್‌ಇಸ್‌ಯೂನಿವರ್ಸಲ್ ಎಂಬ ಡಿವರ್ಡ್ (ಸಂಖ್ಯೆಯ ನಮೂದು) ಮಾಡಿ 1 ಕೊಡಲಿ.

ಇಬ್ಬರಿಗೂ ಬೇಕಾದ ಫೈಲ್‌ಗಳು

ಉಬುಂಟುವಿನ ಇಎಕ್ಸ್‌ಟಿ4 ಪಾರ್ಟಿಶನ್ ವಿಂಡೋಸ್‌ಗೆ ಕಾಣದು. ಯೂ ನೀಡ್ ಟು ಫಾರ್ಮ್ಯಾಟ್ ದ ಡಿಸ್ಕ್ ಎಂದು ಅದು ಕೇಳಿದರೆ ಕ್ಯಾನ್ಸಲ್ ಒತ್ತಿ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಆ ಪಾರ್ಟಿಶನ್‌ನ ಡ್ರೈವ್ ಅಕ್ಷರ ತೆಗೆದರೆ ಮನೆಯ ಬೇರೆಯವರು ತಿಳಿಯದೆ ಯೆಸ್ ಒತ್ತುವ ಭಯವೂ ಇಲ್ಲ. ಹಂಚಿಕೊಳ್ಳುವ ಫೋಟೋ, ದಾಖಲೆಗಳಿಗೆ ಬೇರೆ ಎನ್‌ಟಿಎಫ್‌ಎಸ್ ಪಾರ್ಟಿಶನ್ ಮಾಡಿ, ವಿಂಡೋಸ್‌ನ ಸಿ ಡ್ರೈವಿಗೆ ಲಿನಕ್ಸ್‌ನಿಂದ ಬರೆಯಬೇಡಿ. ಎಕ್ಸ್‌ಫ್ಯಾಟ್ ಕೂಡ ಎರಡಕ್ಕೂ ಓದಬರುತ್ತದೆ. ಆದರೆ ಅದರಲ್ಲಿ ಜರ್ನಲ್ (ಬದಲಾವಣೆಗಳನ್ನು ಮೊದಲು ಬರೆದಿಡುವ ದಾಖಲೆ) ಇಲ್ಲ, ಬರೆಯುವಾಗ ಕರೆಂಟ್ ಹೋದರೆ ಫೈಲ್ ಹಾಳಾಗುವುದು ಹೆಚ್ಚು. ಉಬುಂಟುವಿನ ಎಫ್‌ಎಸ್‌ಟ್ಯಾಬ್‌ಗೆ (ಬೂಟ್ ಆಗುವಾಗ ಜೋಡಿಸಬೇಕಾದ ಪಾರ್ಟಿಶನ್‌ಗಳ ಪಟ್ಟಿ) ಆ ಪಾರ್ಟಿಶನ್ ಸೇರಿಸುವವರು ನೋಫೇಲ್ ಎಂಬ ಆಯ್ಕೆ ಹಾಕಿ. ಇಲ್ಲದಿದ್ದರೆ ಆ ಡ್ರೈವ್ ಇಲ್ಲದ ದಿನ ಉಬುಂಟು ಎಮರ್ಜೆನ್ಸಿ ಮೋಡ್‌ನಲ್ಲಿ ನಿಂತುಬಿಡುತ್ತದೆ.

ಕೆಟ್ಟಾಗ

ಬಯೋಸ್ ಅಪ್‌ಡೇಟ್ ಮಾಡಿದ ಮೇಲೆ, ಮದರ್‌ಬೋರ್ಡಿನ ನಾಣ್ಯದಾಕಾರದ ಸಿಆರ್2032 ಬ್ಯಾಟರಿ ಸತ್ತ ಮೇಲೆ ಬೂಟ್ ಕ್ರಮ, ಸೆಕ್ಯೂರ್ ಬೂಟ್, ವಿಎಂಡಿ ಎಲ್ಲ ಮೂಲ ಸ್ಥಿತಿಗೆ ಹೋಗಿರಬಹುದು. ಉಬುಂಟು ಮಾಯವಾಯಿತು ಎಂದು ಮತ್ತೆ ಇನ್‌ಸ್ಟಾಲ್ ಮಾಡುವ ಮೊದಲು ಆ ಮೂರನ್ನು ನೋಡಿ.

2024ರ ಆಗಸ್ಟ್‌ನಲ್ಲಿ ಬಂದ ಒಂದು ವಿಂಡೋಸ್ ಅಪ್‌ಡೇಟ್ ಎಷ್ಟೋ ಜನರ ಲಿನಕ್ಸನ್ನು ನಿಲ್ಲಿಸಿತು. ಅದು ಲಿನಕ್ಸ್ ಡ್ರೈವನ್ನು ಮುಟ್ಟಿರಲಿಲ್ಲ. ಹಳೆಯ ಶಿಮ್‌ಗಳನ್ನು ನಿರಾಕರಿಸುವ ಹೊಸ ನಿಯಮವನ್ನು ಮದರ್‌ಬೋರ್ಡಿನ ಮೆಮೊರಿಗೆ ಬರೆದಿತ್ತು. ಪರದೆಯ ಮೇಲೆ ವೆರಿಫೈಯಿಂಗ್ ಶಿಮ್ ಎಸ್‌ಬಿಎಟಿ ಡೇಟಾ ಫೇಲ್ಡ್ ಎಂದು ಬಂದರೆ ಸೆಕ್ಯೂರ್ ಬೂಟ್ ಆಫ್ ಮಾಡಿ ಉಬುಂಟು ತೆರೆದು, «ಸುಡೊ ಮೊಕ್‌ಯುಟಿಲ್ --ಸೆಟ್-ಎಸ್‌ಬಿಎಟಿ-ಪಾಲಿಸಿ ಡಿಲೀಟ್» ಕೊಟ್ಟು, ಇನ್ನೊಮ್ಮೆ ಉಬುಂಟುವಿಗೇ ರೀಸ್ಟಾರ್ಟ್ ಮಾಡಿ, ಆಮೇಲೆ ಸೆಕ್ಯೂರ್ ಬೂಟ್ ಆನ್ ಮಾಡಿ. ಉಬುಂಟುವನ್ನು ತಿಂಗಳುಗಟ್ಟಲೆ ತೆರೆಯದೆ ಬಿಟ್ಟವರಿಗೆ ಇಂಥದ್ದು ಬೇಗ ತಟ್ಟುತ್ತದೆ, ಅಪ್‌ಡೇಟ್ ಆಗದ ಶಿಮ್ ಹಳೆಯದಾಗುತ್ತದೆ.

ಮೊದಲೇ ಎರಡೂ ಡ್ರೈವ್ ಇಟ್ಟುಕೊಂಡು ಇನ್‌ಸ್ಟಾಲ್ ಮಾಡಿಬಿಟ್ಟವರು ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ನೋಡಿ. ವಿಂಡೋಸ್ ಇರುವ ಡಿಸ್ಕ್‌ನಲ್ಲಿ ಇಎಫ್‌ಐ ಸಿಸ್ಟಮ್ ಪಾರ್ಟಿಶನ್ ಇಲ್ಲದೆ ಇನ್ನೊಂದರಲ್ಲಿ ಮಾತ್ರ ಇದ್ದರೆ ಬೂಟ್ ಫೈಲ್‌ಗಳು ಅಲ್ಲಿವೆ ಎಂದರ್ಥ. ಮತ್ತೆ ಇನ್‌ಸ್ಟಾಲ್ ಬೇಕಿಲ್ಲ. ಬಿಟ್‌ಲಾಕರ್ ಸಸ್ಪೆಂಡ್ ಮಾಡಿ ಅಥವಾ ಡಿವೈಸ್ ಎನ್‌ಕ್ರಿಪ್ಶನ್ ಆಫ್ ಮಾಡಿ, ಅಡ್ಮಿನಿಸ್ಟ್ರೇಟರ್ ಕಮಾಂಡ್ ಪ್ರಾಂಪ್ಟ್‌ನಲ್ಲಿ ಡಿಸ್ಕ್‌ಪಾರ್ಟ್ ತೆರೆದು, ವಿಂಡೋಸ್ ಡಿಸ್ಕ್ ಮತ್ತು ಅದರ ಸಿ ವಾಲ್ಯೂಮ್ ಸೆಲೆಕ್ಟ್ ಮಾಡಿ ಈ ಕ್ರಮದಲ್ಲಿ ಕೊಡಿ:

«ಶ್ರಿಂಕ್ ಡಿಸೈರ್ಡ್=300»
«ಕ್ರಿಯೇಟ್ ಪಾರ್ಟಿಶನ್ ಇಎಫ್‌ಐ ಸೈಜ್=260»
«ಫಾರ್ಮ್ಯಾಟ್ ಕ್ವಿಕ್ ಎಫ್‌ಎಸ್=ಫ್ಯಾಟ್32»
«ಅಸೈನ್ ಲೆಟರ್=ಎಸ್»
«ಎಕ್ಸಿಟ್»
«ಬಿಸಿಡಿಬೂಟ್ ಸಿ:\ವಿಂಡೋಸ್ /ಎಸ್ ಎಸ್: /ಎಫ್ ಯುಇಎಫ್‌ಐ»

ಫಾರ್ಮ್ಯಾಟ್ ಎನ್ನುವ ಮೊದಲು ಒಮ್ಮೆ «ಲಿಸ್ಟ್ ಪಾರ್ಟಿಶನ್» ಕೊಟ್ಟು ನಕ್ಷತ್ರದ ಗುರುತು 260 ಎಂಬಿಯ ಹೊಸ ಪಾರ್ಟಿಶನ್ ಮುಂದೆಯೇ ಇದೆಯೇ ನೋಡಿ. ಆಮೇಲೆ ಕಂಪ್ಯೂಟರ್ ಆಫ್ ಮಾಡಿ ಲಿನಕ್ಸ್ ಡ್ರೈವ್ ಬಿಚ್ಚಿ, ಬೂಟ್ ಮೆನುವಿನಲ್ಲಿ ವಿಂಡೋಸ್ ಡ್ರೈವ್ ಆರಿಸಿ. ವಿಂಡೋಸ್ ತೆರೆದರೆ ಕೆಲಸ ಆಯಿತು.

ತಿರುಗುಮುರುಗು ಆಗಿದ್ದರೆ, ಅಂದರೆ ಉಬುಂಟುವಿನ ಬೂಟ್ ಫೈಲ್ ವಿಂಡೋಸ್ ಡ್ರೈವಿನಲ್ಲಿದ್ದರೆ, ಪೆನ್‌ಡ್ರೈವಿನಿಂದ ಜಿಪಾರ್ಟೆಡ್ ತೆರೆದು ಉಬುಂಟು ರೂಟ್ ಪಾರ್ಟಿಶನ್‌ನ ಕೊನೆಯಿಂದ 1 ಜಿಬಿ ಕಡಿಮೆ ಮಾಡಿ, ಅಲ್ಲಿ ಫ್ಯಾಟ್32 ಪಾರ್ಟಿಶನ್ ಮಾಡಿ ಇಎಸ್‌ಪಿ ಗುರುತು ಹಾಕಿ. ಉಬುಂಟುವಿಗೆ ಹೋಗಿ ಎಫ್‌ಎಸ್‌ಟ್ಯಾಬ್‌ನಲ್ಲಿ /ಬೂಟ್/ಇಎಫ್‌ಐ ಸಾಲಿನ ಯುಯುಐಡಿಗೆ ಹೊಸ ಪಾರ್ಟಿಶನ್‌ನದ್ದನ್ನು ಬರೆದು, ಹಳೆಯದನ್ನು ಅನ್‌ಮೌಂಟ್ ಮಾಡಿ ಹೊಸದನ್ನು ಮೌಂಟ್ ಮಾಡಿ, «ಸುಡೊ ಗ್ರಬ್-ಇನ್‌ಸ್ಟಾಲ್» ಓಡಿಸಿ. ಈಗ ವಿಂಡೋಸ್ ಡ್ರೈವ್ ಬಿಚ್ಚಿ ಪರೀಕ್ಷಿಸಿ. ಸರಿಯಾಗಿ ಬೂಟ್ ಆದ ನಂತರವೇ ವಿಂಡೋಸ್‌ನ ಇಎಫ್‌ಐ ಪಾರ್ಟಿಶನ್‌ನಿಂದ ಉಬುಂಟು ಫೋಲ್ಡರ್ ಅಳಿಸಿ, ಪಕ್ಕದ ಮೈಕ್ರೋಸಾಫ್ಟ್ ಫೋಲ್ಡರ್ ಮುಟ್ಟಬೇಡಿ.

ಮುಂದೊಂದು ದಿನ ಉಬುಂಟು ಬೇಡವಾದರೆ ಮೊದಲು ಉಬುಂಟುವಿನಿಂದಲೇ «ಸುಡೊ ಇಎಫ್‌ಐಬೂಟ್‌ಎಂಜಿಆರ್ -ಬಿ» (ಇಲ್ಲಿ ಸಣ್ಣಕ್ಷರ) ಮುಂದೆ ಅದರ ಸಂಖ್ಯೆ, ಆಮೇಲೆ ದೊಡ್ಡಕ್ಷರದ «-ಬಿ» ಕೊಟ್ಟು ಬೂಟ್ ಪಟ್ಟಿಯ ನಮೂದನ್ನು ತೆಗೆಯಿರಿ. ನಂತರ ಡ್ರೈವ್ ಬಿಚ್ಚಬಹುದು, ಇಲ್ಲವೇ ವಿಂಡೋಸ್‌ನಲ್ಲಿ ಡಿಸ್ಕ್‌ಪಾರ್ಟ್‌ನಿಂದ ಆ ಡಿಸ್ಕ್ ಸೆಲೆಕ್ಟ್ ಮಾಡಿ ಕ್ಲೀನ್ ಎಂದು ಕೊಡಬಹುದು. ಡಿಸ್ಕ್ ಮ್ಯಾನೇಜ್‌ಮೆಂಟ್ ಇಎಫ್‌ಐ ಪಾರ್ಟಿಶನ್ ಅಳಿಸಲು ಬಿಡುವುದಿಲ್ಲ, ಅದಕ್ಕೇ ಡಿಸ್ಕ್‌ಪಾರ್ಟ್ ಬೇಕು. ಕ್ಲೀನ್ ಎಂದ ಮೇಲೆ ಖಚಿತವೇ ಎಂದು ಅದು ಕೇಳುವುದಿಲ್ಲ. ಎಂಟರ್ ಒತ್ತುವ ಮೊದಲು «ಲಿಸ್ಟ್ ಡಿಸ್ಕ್» ಕೊಟ್ಟು ನಕ್ಷತ್ರ ಯಾವ ಗಾತ್ರದ ಡಿಸ್ಕ್ ಮುಂದಿದೆ ಎಂದು ನೋಡಿ.